ಹೊಳೆ ಮಲಗಿದ ಬೆನ್ನು

ಹೂಂ ಎನ್ನಬೇಕೆಂದೇ ಅವಳು ಬಂದಿದ್ದಳು. ಅವಳು ಪ್ರೀತಿಸುತ್ತಿದ್ದ ವೀಡಿಯೊ ಕಲಾವಿದ ಮದುವೆಯಾಗ್ತೀಯಾ ಎಂದು ಕೇಳಿ ನಾಲ್ಕು ದಿನವಾಗಿತ್ತು. ಆ ಒಂದಕ್ಷರವನ್ನು ಕಲ್ಲುಸಕ್ಕರೆಯಂತೆ, ಕರಗಿಹೋಗದ ಹಾಗೆ ಬಾಯಲ್ಲಿಟ್ಟುಕೊಂಡಿದ್ದಳು. ಹೇಳಲು ಅವನ ಪ್ರದರ್ಶನದ ಮೊದಲ ದಿನಕ್ಕಿಂತ ಒಳ್ಳೆಯ ಗಳಿಗೆ ಬೇಕೆ?

"ಗುಬ್ಬಿ ಬಂತು, ದಾರಿ ಬಿಡ್ರಪ್ಪ!" ಬಾಗಿಲಲ್ಲೇ ಅವನು ಕಣ್ಣು ಮಿಟುಕಿಸಿದ. "ಉಗುರಲ್ಲಿ ಇನ್ನೂ ಮಣ್ಣಿದೆ ನೋಡು."

"ಇರಲಿ ಬಿಡು. ನಿನ್ನ ಹಾಗೆ ಮಣ್ಣನ್ನ ಪರದೆ ಮೇಲೆ ಮಾತ್ರ ಮುಟ್ಟೋಳಲ್ಲ ನಾನು."

ಸಸ್ಯೋದ್ಯಾನದಲ್ಲಿ ಗಿಡಗಳಿಗೆ ಹೆಸರಿನ ಫಲಕ ಬರೆಯುವುದು ಅವಳ ಕೆಲಸ. ಅವರ ಪ್ರೀತಿ ಚಿಗುರಿದ್ದೂ ಅಲ್ಲೇ. "ಗಿಡ ಇಲ್ಲಿಯದು, ಅದಕ್ಕೆ ನಮ್ಮಜ್ಜಿ ಇಟ್ಟ ಹೆಸರೂ ಇದೆ. ಫಲಕದಲ್ಲಿ ಮಾತ್ರ ಹಡಗಲ್ಲಿ ಬಂದು ಕಿತ್ತುಕೊಂಡು ಹೋದ ಬಿಳಿಯನ ಹೆಸರು" ಎಂದು ಅವಳು ನಕ್ಕಿದ್ದಳು. ಅವನು ನಗಲಿಲ್ಲ. ಬಂದವರು ನಮ್ಮ ನೆಲವನ್ನೂ ಮೈಯನ್ನೂ ಒಂದೇ ಅಳತೆಪಟ್ಟಿಯಲ್ಲಿ ಅಳೆದರು, ಎರಡನ್ನೂ ಅವರ ಹಿಡಿತದಿಂದ ಒಟ್ಟಿಗೇ ಬಿಡಿಸಿಕೊಳ್ಳಬೇಕು ಎಂದ. ಆ ಮಾತಿಗೆ ಅವಳು ಸೋತುಹೋಗಿದ್ದಳು.

ಒಳಗೆ ಕತ್ತಲೆ. ಗೋಡೆಯಗಲದ ಪರದೆಯ ತುಂಬ ಹೊಳೆ. ನೋಡನೋಡುತ್ತ ನೀರು ಚರ್ಮವಾಯಿತು. ಭುಜದಿಂದ ಸೊಂಟದವರೆಗೆ ಹರಿದ ಒಂದು ಸುಟ್ಟ ಕಲೆ.

ಅವಳದೇ ಬೆನ್ನು.

"ಇದು ಸುಟ್ಟ ಕಲೆ ಅಲ್ಲ ಕಂದಾ," ಚಿತ್ರದಲ್ಲಿ ಅವನ ದನಿ ಹೇಳುತ್ತಿತ್ತು. "ಮಲಗೋಕೆ ಜಾಗ ಸಿಗದೆ ಹೊಳೆ ನಿನ್ನ ಬೆನ್ನಿಗೆ ಬಂದಿದೆ, ಅಷ್ಟೆ."

ಕುದಿನೀರು ಬಿದ್ದ ಮೊಮ್ಮಗಳನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಅಜ್ಜಿ ಕಟ್ಟಿದ ಕಥೆ ಅದು. ಈ ಲೋಕದಲ್ಲಿ ಅವಳು ಅದನ್ನು ಹೇಳಿದ್ದು ಒಬ್ಬನಿಗೆ. ಆ ಒಬ್ಬ ಕ್ಯಾಮೆರಾ ಹಿಡಿದದ್ದೂ 'ಇದು ನಮ್ಮಿಬ್ಬರಿಗೇ' ಎಂದು.

ಪಕ್ಕದಲ್ಲಿ ಅಂಟಿಸಿದ ಚೀಟಿ ಓದಿದಳು. ಕಥೆ, ದನಿ, ಚಿತ್ರ: ಅವನ ಹೆಸರು. ಕೊನೆಯ ಸಾಲಿನಲ್ಲಿ, ದೇಹ: ಸ್ಥಳೀಯ ಮಹಿಳೆ.

"ಹೆಂಗಿದೆ?" ಕಿವಿಗೆ ಅವನ ಬಿಸಿಯುಸಿರು ತಾಕಿತು.

"ಯಾರು ಈ ಸ್ಥಳೀಯ ಮಹಿಳೆ?"

"ಅಯ್ಯೋ, ನಿನ್ನ ಮರ್ಯಾದೆಗೇ ಅಂತ ಹೆಸರು ಹಾಕಲಿಲ್ಲ ಕಣೆ."

"ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹಡಗಲ್ಲಿ ಬಂದೋರೂ ಹಂಗೇ ಅಂದ್ಕೊಂಡಿದ್ರು."

ಅವನು ತಡವರಿಸಿದ. "ಚೀಟಿ ಈಗ್ಲೇ ಬದಲಾಯಿಸ್ತೀನಿ. ನಿನ್ನ ಹೆಸರು, ಅಜ್ಜಿ ಹೆಸರು, ದೊಡ್ಡದಾಗಿ..."

"ಚೀಟಿ ಹಂಗೇ ಇರಲಿ. ನನ್ನ ಬೆನ್ನು ತೆಗಿ."

ಅವನು ಪರದೆ ನೋಡಿದ. ಅವಳನ್ನು ನೋಡಿದ. ಮತ್ತೆ ಪರದೆಯನ್ನೇ ನೋಡಿದ. ಆ ಕಣ್ಣುಗಳಲ್ಲಿ ಪ್ರೀತಿಯಿರಲಿಲ್ಲವೆಂದಲ್ಲ. ಅದು ಯಾರ ಕಡೆಗಿತ್ತೆಂದು ಅವಳಿಗೆ ಮೊದಲ ಸಲ ಕಂಡಿತು.

"ಅದನ್ನ ತೆಗೆದ್ರೆ ಉಳಿಯೋದೇನು, ನೀನೇ ಹೇಳು?"

"ನಾನು ಉಳೀತಿದ್ದೆ ಕಣೋ."

ಅವನ ಕಾಲರ್ ಮಡಚಿಕೊಂಡಿತ್ತು. ಅಭ್ಯಾಸಬಲದಿಂದ ಅದನ್ನು ಸರಿಮಾಡಿದಳು. ಬೆರಳು ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಹೊರಟಳು.

"ಗುಬ್ಬೀ!" ಹಿಂದಿನಿಂದ ಅವನು ಕೂಗಿದ.

ಅದೇ ಹೊತ್ತಿಗೆ ಗೋಡೆಯ ಮೇಲೂ ಅದೇ ದನಿ ಅದೇ ಹೆಸರು ಕೂಗಿತು. ಅಲ್ಲಿನ ಹುಡುಗಿ ನಗುತ್ತ, ಒದ್ದೆ ಭುಜವನ್ನು ಮೆಲ್ಲಗೆ ಅವನತ್ತ ತಿರುಗಿಸಿದಳು.

ಬಾಗಿಲು ದಾಟುತ್ತಿದ್ದವಳು ತಿರುಗಲಿಲ್ಲ.