ಎರಡನೇ ಭೇಟಿಯ ಚಾ

"ಮೇಡಂ, ನೀವು ಸ್ವಲ್ಪ ಹೊರಗ ನಿಂದ್ರಬೇಕಾಗ್ತೈತ್ರಿ."

ತನ್ನ ತರಗತಿಯಿಂದ ತನ್ನನ್ನೇ ಹೊರಗೆ ಕಳಿಸುತ್ತಿದ್ದ ಆ ಮನುಷ್ಯನನ್ನು ದಾಕ್ಷಾಯಣಿ ದಿಟ್ಟಿಸಿ ನೋಡಿದಳು.

ಕುರುಗೋಡು ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕಟ್ಟಡದಲ್ಲಿ ಅವಳು ಹುಡುಗಿಯರಿಗೆ ಜೀನ್ಸ್ ಹೊಲಿಯಲು ಕಲಿಸುತ್ತಿದ್ದಳು. ಕಲಿತವರಿಗೆ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕೆಲಸ ಸಿಗುತ್ತಿತ್ತು. ಕಲಿಕೆ ನಿಜವಾಗಿ ನಡೆಯುತ್ತಿದೆಯೇ ಎಂದು ನೋಡಲು ಯೋಜನೆಯವರು ಬೇರೊಂದು ಸಂಸ್ಥೆಯಿಂದ ಮೌಲ್ಯಮಾಪಕರನ್ನು ಕಳಿಸುತ್ತಿದ್ದರು. ಹಾಗೆ ಬಂದವನು ಜಂಬುನಾಥ.

"ನಾನು ಒಳಗಿದ್ರ ಏನಾಗ್ತೈತಿ?"

"ಹುಡುಗ್ಯಾರು ಬಟ್ಟಿ ನೋಡಂಗಿಲ್ರಿ. ನಿಮ್ಮ ಮುಖ ನೋಡ್ತಾರ."

ಅವಳು ಹೊರಗೆ ಹೋಗಿ ಕಿಟಕಿಯ ಬಳಿ ನಿಂತಳು. ಹುಡುಗಿಯರು ಚೆನ್ನಾಗಿಯೇ ಹೊಲಿಯುತ್ತಿದ್ದರು. ಆದರೆ ಒಬ್ಬಳ ಮಷಿನ್ನಿನ ದಾರ ಹರಿಯಿತು. ಅವಳು ಕೈ ಬಿಟ್ಟು ಬಾಗಿಲ ಕಡೆ ನೋಡುತ್ತಾ ಕುಳಿತಳು. ಆಮೇಲೆ ಇನ್ನೊಬ್ಬಳು... ಅವಳೂ ಹಾಗೆಯೇ.

ದಾರ ಹರಿದಾಗಲೆಲ್ಲ ಓಡಿ ಹೋಗಿ ಪೋಣಿಸಿಕೊಡುತ್ತಿದ್ದವಳು ದಾಕ್ಷಾಯಣಿ. ಅದನ್ನು ಪ್ರೀತಿ ಎಂದುಕೊಂಡಿದ್ದಳು. ಜಂಬುನಾಥ ಅದಕ್ಕೇ ಅಂಕ ಕಡಿಮೆ ಮಾಡಿದ. ಚಾ ಕಳಿಸಿದರೆ ಮುಟ್ಟಲಿಲ್ಲ.

"ತಪ್ಪು ತಿಳ್ಕೋಬ್ಯಾಡ್ರಿ. ನೋಡಾಕ ಬಂದ ಕಡಿ ಚಾ ಕುಡಿದ್ರ ನಾವು ಹಾಕೋ ಅಂಕಕ್ಕ ತೂಕ ಇರಂಗಿಲ್ಲ."

'ಎಂಥ ಕಲ್ಲು ಮನುಷ್ಯ...' ಎಂದು ಅವಳು ಹಲ್ಲು ಕಡಿದಳು. ಮರುದಿನ ಬೆಳಿಗ್ಗೆ ಮಾತ್ರ ಎಲ್ಲ ಮಷಿನ್‌ಗಳ ದಾರವನ್ನು ತಾನೇ ಕತ್ತರಿಸಿ, ಹುಡುಗಿಯರು ಎಷ್ಟು ಗೋಗರೆದರೂ ಏಳದೆ, ಕೈ ಕಟ್ಟಿ ಕುಳಿತಳು.

ಎರಡನೇ ಭೇಟಿಗೆ ಅವನು ಬಂದಾಗ, ಅವನು ಹೇಳುವ ಮೊದಲೇ ಅವಳು ಹೊರಗೆ ಹೋದಳು. ಒಳಗೆ ದಾರ ಹರಿಯಿತು. ಯಾರೂ ಬಾಗಿಲ ಕಡೆ ನೋಡಲಿಲ್ಲ.

ಜಂಬುನಾಥ ಪಡಸಾಲೆಗೆ ಬಂದು, ಇದನ್ನು ಹೇಗೆ ಕಲಿಸಿದಿರಿ ಎಂದು ಕೇಳಿದ. ಸುಮ್ಮನೆ ಕುಳಿತಿದ್ದೆ, ಅದೇ ಎಲ್ಲಕ್ಕಿಂತ ಕಷ್ಟವಾಯಿತು ಎಂದಳು ಅವಳು. ಅವನು ನಕ್ಕ. ನಗುತ್ತಲೇ, ಅವಳು ತನಗೆಂದು ಬಗ್ಗಿಸಿಟ್ಟುಕೊಂಡಿದ್ದ ಚಾದ ಲೋಟ ಎತ್ತಿಕೊಂಡು, ಕೊನೆಯ ಗುಟುಕಿನವರೆಗೂ ಕುಡಿದ.

ಎಲ್ಲಿಯೂ ಚಾ ಮುಟ್ಟದವನು...

ಆ ಲೋಟವನ್ನು ದಾಕ್ಷಾಯಣಿ ತುಂಬ ಹೊತ್ತು ತೊಳೆಯಲಿಲ್ಲ.

ಮೂರನೇ ಭೇಟಿಯ ದಿನ ಅವಳು ಹಸಿರು ಸೀರೆ ಉಟ್ಟು ಬಂದಿದ್ದಳು. ಆಟೋದಿಂದ ಇಳಿದವರು ಪಾಲಯ್ಯ ಎಂಬ ವಯಸ್ಸಾದ ಮೌಲ್ಯಮಾಪಕರು. ಜಂಬುನಾಥ ಯಾಕೆ ಬರಲಿಲ್ಲ ಎಂದು ಅವಳು ಆದಷ್ಟು ಸಹಜವಾಗಿ ಕೇಳಿದಳು.

"ಕುರುಗೋಡು ಬ್ಯಾಡ, ಸಿರುಗುಪ್ಪ ಕೊಡ್ರಿ ಅಂತ ತಾನ ಕೇಳ್ಕೊಂಡು ಹೋದನವ್ವ."

ಸಿರುಗುಪ್ಪ! ಅಲ್ಲಿನ ಕೇಂದ್ರದಲ್ಲಿ ಕಲಿಸುತ್ತಿದ್ದವಳು ಶೀಲಾ. ದಾಕ್ಷಾಯಣಿಯ ಜೊತೆಗೇ ಹೊಲಿಗೆ ಕಲಿತವಳು, ಮಾತಿನಲ್ಲಿ ಯಾರನ್ನೂ ಗೆಲ್ಲುವವಳು, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವವಳು.

ಕೆಲವೇ ದಿನಗಳಲ್ಲಿ ಯೋಜನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಸಿರುಗುಪ್ಪ ಕೇಂದ್ರದಲ್ಲಿ ಊಟದ ಹೊತ್ತು. ಜಂಬುನಾಥನ ಮುಂದೆ ಸ್ಟೀಲ್ ಡಬ್ಬಿ, ಎದುರಿಗೆ ಶೀಲಾ. ದಾಕ್ಷಾಯಣಿ ಫೋಟೋವನ್ನು ಹಿಗ್ಗಿಸಿ ನೋಡಿದಳು. ರೊಟ್ಟಿ. ಇನ್ನೂ ಹಿಗ್ಗಿಸಿದಳು. ಪುಂಡಿಪಲ್ಯ.

'ನನ್ನ ಹತ್ರ ಬರೇ ಚಾ. ಅಲ್ಲಿ ರೊಟ್ಟಿ, ಪಲ್ಯ...'

ಅವತ್ತು ಅವಳಿಗೆ ಅನ್ನ ಸೇರಲಿಲ್ಲ. ಶೀಲಾ ಫೋನ್ ಮಾಡಿದರೆ ಎತ್ತಲಿಲ್ಲ. ತರಗತಿಯಲ್ಲಿ ಓರೆ ಹೊಲಿಗೆ ಕಂಡರೆ ಸಿಡುಕಿದಳು. ಸಿರುಗುಪ್ಪದ ಬಸ್ಸಿನ ಫಲಕ ಕಂಡರೂ ಮುಖ ತಿರುಗಿಸಿದಳು.

ಬಳ್ಳಾರಿಯ ಕಂಟೋನ್ಮೆಂಟ್‌ನ ಸಭಾಂಗಣದಲ್ಲಿ ಪರಿಶೀಲನಾ ಸಭೆ ನಡೆಯಿತು. ಮೊದಲ ಸ್ಥಾನದ ಕೇಂದ್ರಕ್ಕೆ ಹೊಸ ಮಷಿನ್‌ಗಳು ಬರುವುದಿದ್ದವು. ಯೋಜನೆಯ ಮುಖ್ಯಸ್ಥ ಪ್ರಭುಲಿಂಗ ಫಲಿತಾಂಶ ಓದಿದರು. ಸಿರುಗುಪ್ಪ ಮೊದಲು, ಕುರುಗೋಡು ಎರಡನೆಯದು. ಯಾರದಾದರೂ ಆಕ್ಷೇಪವಿದೆಯೇ ಎಂದು ವಾಡಿಕೆಯಂತೆ ಕೇಳಿದರು.

ದಾಕ್ಷಾಯಣಿ ಎದ್ದು ನಿಂತಿದ್ದು ಅವಳಿಗೇ ತಿಳಿಯಲಿಲ್ಲ.

"ಸಿರುಗುಪ್ಪದ ಟೀಚರಿಗೂ ನೋಡಾಕ ಹೋದವರಿಗೂ ಸಲಿಗಿ ಐತ್ರಿ. ಆ ಅಂಕ ನಂಬಾಕ ಬರಂಗಿಲ್ಲ."

ಶೀಲಾಳ ಕೆನ್ನೆಯ ಗುಳಿ ಮಾಯವಾಗಿತ್ತು.

"ಏನ್ಲೇ ದಾಕ್ಷಿ... ನನ್ನ ಹುಡುಗ್ಯಾರು ಕಷ್ಟಪಟ್ಟಿಲ್ಲೇನು?"

ಆಗ ದಾಕ್ಷಾಯಣಿಗೆ ತಾನು ಏನು ಮಾಡಿದೆನೆಂದು ಹೊಳೆಯಿತು. ಇದು ನಿಜವೆಂದಾದರೆ ಆ ಹುಡುಗಿಯರ ದುಡಿಮೆ ನೀರುಪಾಲು, ಜಂಬುನಾಥನ ಕೆಲಸವೂ ಹೋಗುತ್ತದೆ. ಆದರೆ ಮಾತು ಬಾಯಿಂದ ಹೊರಬಿದ್ದಾಗಿತ್ತು.

ಪ್ರಭುಲಿಂಗ ಕನ್ನಡಕ ತೆಗೆದು ಜಂಬುನಾಥನ ಕಡೆ ತಿರುಗಿದರು. "ನೇರವಾಗಿ ಕೇಳ್ತೀನಿ. ನಮ್ಮ ಟೀಚರ್‌ಗಳ ಪೈಕಿ ಯಾರ ಜೊತಿಗಾದ್ರೂ ನಿಮಗ ಸಲಿಗಿ ಐತೇನು?"

"ಸಲಿಗಿ ಇಲ್ರಿ ಸರ್." ಜಂಬುನಾಥ ಎದ್ದು ನಿಂತ. "ಒಬ್ಬರ ಮ್ಯಾಲೆ ಮನಸ್ಸೈತ್ರಿ."

ದಾಕ್ಷಾಯಣಿ ಕುರ್ಚಿಯ ಹಿಡಿ ಬಿಗಿಹಿಡಿದಳು. 'ಹೇಳು... ಶೀಲಾ ಅಂತ ಹೇಳಿಬಿಡು.'

"ಯಾರ ಮ್ಯಾಲೆ?"

"ಕುರುಗೋಡು ಟೀಚರ್ ಮ್ಯಾಲೆ. ಮನಸ್ಸಿದ್ದ ಕಡಿ ಅಂಕ ಹಾಕಬಾರದು. ಅದಕ್ಕ ಆ ಸೆಂಟರ್ ಬ್ಯಾಡ ಅಂದೆ. ಅರ್ಜಿಯೊಳಗ ವೈಯಕ್ತಿಕ ಕಾರಣ ಅಂತ ಬರೆದಿದ್ದು ಇದನ್ನ ರೀ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪಾಲಯ್ಯ ಸೂರು ನೋಡತೊಡಗಿದರು.

ದಾಕ್ಷಾಯಣಿಯ ಕಣ್ಣು ಮಂಜಾಯಿತು. ಆದರೂ ಅವಳು ಮೊದಲು ತಿರುಗಿದ್ದು ಶೀಲಾಳ ಕಡೆಗೆ. ಎಲ್ಲರ ಮುಂದೆ, ತಾನು ಕಂಡದ್ದು ಬರೇ ಒಂದು ಫೋಟೋ, ಹೊಟ್ಟೆಕಿಚ್ಚಿಗೆ ಹಾಗೆ ಅಂದೆ, ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು.

ಶೀಲಾ ಅವಳ ಕಡೆ ತಿರುಗಿದಳು. "ಆ ಡಬ್ಬಿ ಅವರ ಅವ್ವ ಕಟ್ಟಿಕೊಟ್ಟಿದ್ದಲೇ. ಒಂದು ತುತ್ತೂ ಕೊಡಲಿಲ್ಲ, ಜಿಪುಣ."

ಸಭೆ ನಕ್ಕಿತು. ಪ್ರಭುಲಿಂಗ ಮಾತ್ರ ನಗಲಿಲ್ಲ. ಮಾತು ಬಂದ ಮೇಲೆ ಮರುಪರೀಕ್ಷೆ ಆಗಲೇಬೇಕು, ಸಿರುಗುಪ್ಪಕ್ಕೆ ಪಾಲಯ್ಯ ಹೋಗಲಿ ಎಂದರು. ಬೇಕಾದರೆ ನಾಳೆಯೇ ಬರಲಿ ಎಂದಳು ಶೀಲಾ. ಉಳಿದದ್ದನ್ನು ತೀರ್ಮಾನಿಸುವವರೆಗೆ ದಾಕ್ಷಾಯಣಿ, ಜಂಬುನಾಥ ಇಬ್ಬರೂ ಹೊರಗಿರಲಿ ಎಂದು ಪ್ರಭುಲಿಂಗ ಬಾಗಿಲು ತೋರಿಸಿದರು.

ಹೊರಗೆ ಬೇವಿನ ಮರದ ಕೆಳಗೆ ಇಬ್ಬರೂ ನಿಂತರು.

"ಈ ಸಲ ನೀವೂ ಹೊರಗ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

"ಕಳಿಸಿದವರು ನೀವ ಅಲ್ಲೇನ್ರಿ."

"ನನಗೊಂದು ಮಾತು ಹೇಳದ, ಅಷ್ಟು ಮಂದಿ ಮುಂದ ಹೇಳಿದ್ರಲ್ಲ..."

"ಬ್ಯಾಚ್ ಮುಗಿದ ಮ್ಯಾಲೆ ನಿಮ್ಮ ಮನಿಗೇ ಬಂದು ಹೇಳಬೇಕಂತಿದ್ದೆ. ಅದಕ್ಕ ಮೊದಲ ಹೇಳಿದ್ರ, ಅಂಕದ ಆಸೆ ತೋರಿಸಿದಂಗ ಆಗ್ತಿತ್ತು. ನೀವು ಬ್ಯಾಡ ಅನ್ನಾಕ ಹೆದರಬಾರದಲ್ರಿ."

ಅವಳು ತಲೆ ತಗ್ಗಿಸಿದಳು. ಇಷ್ಟು ದಿನ ಎದೆಯೊಳಗೆ ಉರಿದದ್ದೆಲ್ಲ ಈಗ ನಾಚಿಕೆಯಾಗಿ ಕೆನ್ನೆಗೇರಿತ್ತು.

"ಯಾವಾಗ ಅನ್ನಿಸಿತು?"

"ಚಾ ಕುಡಿದ ದಿನ. ಲೋಟ ಖಾಲಿ ಆದ ಮ್ಯಾಲೆ ಗೊತ್ತಾತು, ನಾನು ಇನ್ನ ಈ ಸೆಂಟರ್ ನೋಡಾಕ ಲಾಯಕ್ಕಿಲ್ಲ ಅಂತ."

ಗೇಟಿನ ಆಚೆ ಚಾದ ಬಂಡಿ ನಿಂತಿತ್ತು. ದಾಕ್ಷಾಯಣಿ ಅತ್ತ ಎರಡು ಹೆಜ್ಜೆ ಇಟ್ಟು ತಿರುಗಿದಳು.

"ಬರ್ರಿ, ಚಾ ಕುಡಿಯೋಣು."

"ಒಳಗ ಕರದ್ರ?"

"ಅವರೂ ಸ್ವಲ್ಪ ನಿಂದ್ರಲಿ," ಎಂದಳು ಅವಳು. "ನಾನು ನಿಂತಿಲ್ಲೇನು, ಇಷ್ಟು ದಿನ?"