ಹಿಂದೆ ಎಷ್ಟು ಜನ?

ಮಾರ್ಚ್ ನಾಲ್ಕು, ಮಂಗಳವಾರ. ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಲಾರ್ಚ್ ಫೋರ್ಕ್ ಠಾಣೆಯ ಬಾಗಿಲು ತಳ್ಳಿಕೊಂಡು ಗ್ರೇಡಿ ನೋವಾಕ್ ಒಳಗೆ ಬಂದ. ಮೂವತ್ತರ ಆಸುಪಾಸಿನವನು, ಊರಿನ ಬಡಗಿ. ತಲೆಯ ಮೇಲಿನ ಹೆಲ್ಮೆಟ್ ತೆಗೆದಿರಲಿಲ್ಲ. ಕೈಗವಸಿಗೆ ಮೆತ್ತಿದ್ದ ರಕ್ತ ಅವನದಾಗಿರಲಿಲ್ಲ.

ಕಾನ್‌ಸ್ಟೇಬಲ್ ಡೆವ್ಲಿನ್ ಪೊಕಾರ್ಡ್ ಅವನನ್ನು ಕೂರಿಸಿ ದೂರು ಬರೆದುಕೊಂಡ. ನಾಲ್ಕರ ಸುಮಾರಿಗೆ ಗ್ರೇಡಿ ಮತ್ತು ಅವನ ಹೆಂಡತಿ ಬ್ರಿನ್, ಬೆಟ್ಟದಿಂದ ಊರಿಗೆ ಬರುವ, ಎಲ್ಲರೂ ಮನೆದಾರಿ ಎನ್ನುವ ಹಿಮದ ಹಾದಿಯಲ್ಲಿ ಇಳಿಯುತ್ತಿದ್ದರು. ಅವನು ದಪ್ಪ ಗಾಲಿಯ ಸೈಕಲ್ಲಿನಲ್ಲಿ ಮುಂದೆ, ಅವಳು ಸ್ನೋಬೋರ್ಡ್ ಎಂಬ ಜಾರುಹಲಗೆಯ ಮೇಲೆ ಹಿಂದೆ. ಅವನು ದಾಟಿ ಹೋದ ಮೂರನೆಯ ತಿರುವಿನಲ್ಲೇ, ಕೆಲವು ನಿಮಿಷಗಳ ನಂತರ, ಎರಡು ಮರಗಳ ನಡುವೆ ಬಿಗಿದಿದ್ದ ಹಗ್ಗ ಅವಳ ಕೊರಳಿಗೆ ಸಿಕ್ಕಿತ್ತು. ಈಗ ಆಸ್ಪತ್ರೆಯಲ್ಲಿ ಕೊಳವೆಯ ಮೂಲಕ ಉಸಿರಾಡುತ್ತಿದ್ದಳು. ಬದುಕುತ್ತಾಳೆಂದು ವೈದ್ಯರು ಹೇಳಿದ್ದರು. ದನಿ ಮರಳುತ್ತದೆಂದು ಹೇಳಿರಲಿಲ್ಲ.

ದೂರು ಓದಿದ ಸಾರ್ಜೆಂಟ್ ಮಾರಿಟ್ ಹೋಗನ್ ಎದ್ದು ಕೋಟು ಹಾಕಿಕೊಂಡಳು. ಐವತ್ತೆರಡರ ಹೆಂಗಸು, ಹೆಚ್ಚು ಮಾತಿನವಳಲ್ಲ. ಅವಳ ಒಬ್ಬಳೇ ಮಗಳು ಸಿಗ್ನೆ ಬೆಟ್ಟದ ಮೇಲೆ ಮಕ್ಕಳಿಗೆ ಸ್ಕೀ ಕಲಿಸುತ್ತಾಳೆ; ನಾಲ್ಕಕ್ಕೆ ಜನರನ್ನು ಬೆಟ್ಟ ಹತ್ತಿಸುವ ಲಿಫ್ಟ್ ನಿಂತ ಮೇಲೆ ದಿನವೂ ಅದೇ ಮನೆದಾರಿಯಲ್ಲಿ ಇಳಿದು ಬರುತ್ತಾಳೆ. ಮಾರಿಟ್ ಮಗಳಿಗೆ ಫೋನು ಮಾಡಿದಳು. ಎರಡನೆಯ ಸಲಕ್ಕೆ ಸಿಗ್ನೆ ಎತ್ತಿದಳು. ಅವಳು ಕಾಫಿ ಕುಡಿಯಲು ಮೇಲೆಯೇ ಉಳಿದಿದ್ದಳು. ಮಾರಿಟ್ ಫೋನು ಇಟ್ಟು ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡಳು.

ಆರು ಗಂಟೆಗೆ ಸ್ಥಳ ಪಂಚನಾಮೆ. ನೈಲಾನ್ ಹಗ್ಗ, ಕಪ್ಪು ಬಣ್ಣ ಬಳಿದದ್ದು, ನೆಲದಿಂದ ನಾಲ್ಕು ಅಡಿ ಎತ್ತರ. ಒಂದು ತುದಿಯಲ್ಲಿ ಗಟ್ಟಿ ಗಂಟು. ಇನ್ನೊಂದು ತುದಿಯಲ್ಲಿ ಜಾರುಗಂಟು, ಅದಕ್ಕೊಂದು ಉದ್ದನೆಯ ಬಾಲ. ಪೊಕಾರ್ಡ್ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದ.

"ಮೇಡಂ, ಈ ಬಾಲ ಯಾಕಿದೆ ಗೊತ್ತಾ? ಕೈಗವಸು ತೆಗೀದೆ ಒಂದೇ ಎಳೆತಕ್ಕೆ ಬಿಚ್ಚೋಕೆ. ನಾನು ಮೂರು ಚಳಿಗಾಲ ಬೆಟ್ಟದ ಕಾವಲು ಪಡೇಲಿದ್ದೆ. ಇಳಿಜಾರು ಮುಚ್ಚೋಕೆ ನಾವು ಹೀಗೇ ಕಟ್ತಿದ್ವಿ. ಬೇರೆ ಯಾರೂ ಕಟ್ಟಲ್ಲ."

ಮಾರಿಟ್ ಸುತ್ತ ನೋಡಿದಳು. ಸ್ಪ್ರೂಸ್ ಮರಗಳು ಹಿಮ ಹೊತ್ತು ಸುಮ್ಮನೆ ನಿಂತಿದ್ದವು. ಅರ್ಧ ಊರು ದಿನವೂ ಓಡಾಡುವ ಹಾದಿ ಅದು. ಅಲ್ಲಿ ಅವಳಿಗೆ ಮೊದಲ ಸಲ ಬೆನ್ನ ಹಿಂದೆ ಯಾರೋ ಇದ್ದಾರೆನಿಸಿತು.

ಬುಧವಾರ ಮನೆದಾರಿಯ ಮೇಲಿನ ತುದಿಗೆ ಅಡ್ಡಹಗ್ಗ ಕಟ್ಟಿ ಮುಚ್ಚಿಸಿದರು. ಈಗಿನ ಕಾವಲು ಪಡೆಯ ಆರು ಜನರೂ ಮಂಗಳವಾರ ನಾಲ್ಕು ಗಂಟೆಗೆ ವೈರ್‌ಲೆಸ್ಸಿನಲ್ಲಿ ತಮ್ಮ ತಮ್ಮ ಜಾಗದಿಂದ ಹಾಜರಿ ಹೇಳಿದ್ದು ದಾಖಲೆಯಲ್ಲಿತ್ತು. ಫೆಬ್ರವರಿಯ ಎರಡು ದೂರುಗಳನ್ನು ಪೊಕಾರ್ಡ್ ಹುಡುಕಿ ತೆಗೆದ. ಹನ್ನೊಂದರಂದು ಒಬ್ಬನ ಕೋಟು ಹರಿದಿತ್ತು, ಇಪ್ಪತ್ತೆರಡರಂದು ಇನ್ನೊಬ್ಬನ ಎದೆ ಕಂದಿತ್ತು. ಹಗ್ಗ ಸಿಕ್ಕಿರಲಿಲ್ಲವಾದ್ದರಿಂದ ಕೊಂಬೆ ತಾಗಿರಬೇಕೆಂದು ಬರೆದು ಮುಚ್ಚಿದ್ದರು. ಮುಚ್ಚಿದ್ದಕ್ಕೆ ಇದ್ದದ್ದು ಮಾರಿಟ್‌ಳ ಸಹಿ.

ಮಧ್ಯಾಹ್ನ ಆಸ್ಪತ್ರೆಯ ಮೊಗಸಾಲೆಯಲ್ಲಿ ಗ್ರೇಡಿಯನ್ನು ಮತ್ತೆ ವಿಚಾರಿಸಿದಳು.

"ಆ ತಿರುವಿನಲ್ಲಿ ಯಾರಾದರೂ ಇದ್ದರಾ?"

"ಒಬ್ಬ ಮುದುಕ ನಡ್ಕೊಂಡು ಮೇಲೆ ಬರ್ತಿದ್ದ. ಮುಖ ಪೂರ್ತಿ ಸುತ್ಕೊಂಡಿದ್ದ. ಹಿಂದೆ ಎಷ್ಟು ಜನ ಅಂತ ಕೇಳ್ದ. ಎಲ್ರೂ ಕೇಳೋದೇ ತಾನೇ."

"ನೀನು ಏನಂದೆ?"

"ನಾನೇ ಕಡೆ ಅಂದೆ."

"ಬ್ರಿನ್ ಹಿಂದೆ ಇದ್ದಳಲ್ಲ?"

ಗ್ರೇಡಿ ನೆಲ ನೋಡಿದ. "ಮೇಲೆ ಕೂತು ಬೂಟಿನ ಪಟ್ಟಿ ಬಿಗೀತಿದ್ಲು. ಬರೋದು ತಡ ಆಗತ್ತೆ ಅನ್ಕೊಂಡೆ. ಬಾಯಿಗೆ ಬಂದಿದ್ದು ಅದೇ."

ಫೆಬ್ರವರಿಯಲ್ಲಿ ಬಿದ್ದ ಇಬ್ಬರ ಮುಂದೆ ಹೋದವರನ್ನೂ ಕರೆಸಿ ಕೇಳಿದರು. ಇಬ್ಬರಿಗೂ ಅದೇ ಮುದುಕ ಸಿಕ್ಕಿದ್ದ, ಅದೇ ಪ್ರಶ್ನೆ ಕೇಳಿದ್ದ. ಇಬ್ಬರೂ ಅದೇ ಉತ್ತರ ಕೊಟ್ಟಿದ್ದರು.

ಮನೆದಾರಿಯ ಮೇಲಿನ ತುದಿಯಲ್ಲಿ ಒಂದು ಹಲಗೆ ಇದೆ. ಸ್ಕೀಯವರು, ಸ್ನೋಬೋರ್ಡಿನವರು, ಸೈಕಲ್ಲಿನವರು, ನಡೆಯುವವರು, ಎಲ್ಲರಿಗೂ ಒಂದೇ ಹಾದಿಯಾದ್ದರಿಂದ ಎಲ್ಲರಿಗೂ ಒಂದೇ ಕಟ್ಟಳೆ. ಕೆಳಗಿರುವವನಿಗೆ ದಾರಿ ಬಿಡಬೇಕು. ಮೇಲಿನವರ ಕಣ್ಣಿಗೆ ಬೀಳುವ ಕಡೆ ಮಾತ್ರ ನಿಲ್ಲಬೇಕು. ಎದುರು ಸಿಕ್ಕವರಿಗೆ, ಹಿಂದೆ ಎಷ್ಟು ಜನ ಬರುತ್ತಿದ್ದಾರೆಂದು ಹೇಳಬೇಕು. ಆ ಹಲಗೆ ಬರೆದವನು ಆರ್ವಿಡ್ ಸ್ಟೆನ್‌ಬರ್ಗ್. ಮೂವತ್ತು ವರ್ಷ ಕಾವಲು ಪಡೆಯ ಹಿರಿಯನಾಗಿದ್ದವನು. ಮಾರಿಟ್‌ಗೆ ಆರನೆಯ ವಯಸ್ಸಿನಲ್ಲಿ ಸ್ಕೀ ಕಟ್ಟಿಕೊಳ್ಳಲು ಕಲಿಸಿದವನೂ ಅವನೇ. ಹೋದ ವರ್ಷ ಫೆಬ್ರವರಿಯಲ್ಲಿ ಅವನ ಹೆಂಡತಿ ಲೆನಾ ಅದೇ ಮೂರನೆಯ ತಿರುವಿನಲ್ಲಿ, ಮೇಲಿನಿಂದ ಇಳಿದು ಬಂದ ಯಾರೋ ಗುದ್ದಿ ಪೆಟ್ಟು ತಿಂದು, ಹನ್ನೊಂದು ದಿನ ನರಳಿ ತೀರಿಕೊಂಡಿದ್ದಳು. ಗುದ್ದಿದವನು ಸಿಕ್ಕಿರಲಿಲ್ಲ. ಆ ಕಡತದಲ್ಲಿ ಲೆನಾಳ ಹೇಳಿಕೆ ಒಂದೇ ಸಾಲು: ಮುಂದೆ ಹೋದವನು ತಾನೇ ಕಡೆ ಎಂದ, ಅದಕ್ಕೆ ದಾರಿಗೆ ಕಾಲಿಟ್ಟೆ.

ಮಾರಿಟ್ ಕಡತ ಮುಚ್ಚಿ ಕಿಟಕಿಯ ಬಳಿ ಹೋಗಿ ನಿಂತಳು. ಸಾಕ್ಷಿ ಇರಲಿಲ್ಲ. ಇದ್ದದ್ದು ಒಂದು ಗಂಟು ಮತ್ತು ಮುಸುಕಿನ ಮುಖ.

ಗುರುವಾರ ರಾತ್ರಿ ಊಟದಲ್ಲಿ ಮಗಳನ್ನು ಕೇಳಿದಳು. ದಾರಿಯಲ್ಲಿ ನಡೆಯುವವರು ಸಿಕ್ಕರೆ ಏನು ಹೇಳುತ್ತೀ?

"ನಾನೇ ಕಡೆ ಅಂತೀನಿ."

"ಹಿಂದೆ ಜನ ಇದ್ದರೆ?"

"ಇರ್ಲಿ ಬಿಡಮ್ಮ. ಅದೇನು ಲೆಕ್ಕ ಒಪ್ಪಿಸೋದಾ? ಹಲೋ ಅಂದಂಗೆ ಅಷ್ಟೇ. ಊಟದಲ್ಲೂ ಪೊಲೀಸ್ ಕೆಲಸಾನಾ?"

ಸಿಗ್ನೆ ನಕ್ಕಳು. ಮಾರಿಟ್ ತಟ್ಟೆ ಸರಿಸಿದಳು. ನಾಳೆ ಬಸ್ಸಿನಲ್ಲಿ ಬಾ, ಆ ದಾರಿ ಬೇಡ ಎಂದಷ್ಟೇ ಹೇಳಿದಳು. ತನಿಖೆಯ ಗುಟ್ಟು ಮನೆಯಲ್ಲಿ ಆಡುವ ಅಭ್ಯಾಸ ಅವಳಿಗಿರಲಿಲ್ಲ. ಕಾರಣ ಹೇಳಲಿಲ್ಲ.

ಮಾರ್ಚ್ ಏಳು, ಶುಕ್ರವಾರ. ಮೂರೂ ಮುಕ್ಕಾಲು. ಮೇಲಿನ ತುದಿಯಲ್ಲಿ ಅಡ್ಡಹಗ್ಗ, ಅದರ ಪಕ್ಕ ಒಬ್ಬ ಕಾವಲುಗಾರ; ಕೆಳಗಿನ ತುದಿಯನ್ನು ಬೇಕೆಂದೇ ತೆರೆದಿಟ್ಟಿದ್ದರು. ಮೂರನೆಯ ತಿರುವಿನ ಸ್ಪ್ರೂಸ್‌ಗಳ ಹಿಂದೆ, ಮೊಣಕಾಲವರೆಗಿನ ಹಿಮದಲ್ಲಿ, ಮಾರಿಟ್ ಒಬ್ಬಳೇ. ಕೆಳಗಿನಿಂದ ಕಾಲಿಗೆ ಅಗಲದ ಹಿಮಮೆಟ್ಟು ಕಟ್ಟಿಕೊಂಡ ಮುದುಕ ನಿಧಾನವಾಗಿ ಹತ್ತಿ ಬಂದ.

ನಾಲ್ಕು ಹದಿನೈದಕ್ಕೆ ಪೊಕಾರ್ಡ್ ಮುಖ ಮುಚ್ಚುವ ಕನ್ನಡಕ ಹಾಕಿಕೊಂಡು ಸೈಕಲ್ಲಿನಲ್ಲಿ ಇಳಿದು ಬಂದ. ಮುದುಕ ಪಕ್ಕಕ್ಕೆ ಸರಿದು ಕೇಳಿದ.

"ಹಿಂದೆ ಎಷ್ಟು ಜನ?"

"ನಾನೇ ಕಡೆ."

ಸೈಕಲ್ಲು ತಿರುವು ದಾಟಿ ಮರೆಯಾಯಿತು. ಮುದುಕ ಚೀಲದಿಂದ ಕಪ್ಪು ಹಗ್ಗ ತೆಗೆದ. ಒಂದು ತುದಿ ಈ ಮರಕ್ಕೆ, ಇನ್ನೊಂದು ಆ ಮರಕ್ಕೆ. ಅವಸರವಿಲ್ಲ, ಮೂವತ್ತು ವರ್ಷದ ಅಭ್ಯಾಸ. ಗಂಟು ಬೀಳುವ ತನಕ ಮಾರಿಟ್ ಕಾಯಬೇಕಿತ್ತು. ಗಂಟು ಬೀಳದೆ ಅಪರಾಧವಿಲ್ಲ.

ಆಗ ಮೇಲಿನಿಂದ ಶಬ್ದ ಕೇಳಿತು. ಗಟ್ಟಿ ಹಿಮದ ಮೇಲೆ ಸ್ಕೀ ಕೆರೆಯುವ ಶಬ್ದ.

ಅಡ್ಡಹಗ್ಗದಡಿ ನುಸುಳುವುದು, ಕಾವಲುಗಾರನಿದ್ದರೆ ಮರಗಳ ನಡುವಿನಿಂದ ಸುತ್ತಿ ಬರುವುದು, ಆ ಊರಿನವರಿಗೆ ಚಿಕ್ಕಂದಿನಿಂದ ಬಂದದ್ದು. ಮಾರಿಟ್‌ಗೆ ಇದು ಗೊತ್ತಿತ್ತು. ಮರೆತಿದ್ದಳು. ಎದ್ದು ಓಡಲು ಹೋದಳು. ಹಿಮ ಕಾಲು ಬಿಡಲಿಲ್ಲ. ಕೂಗಲು ಬಾಯಿ ತೆರೆದಳು. ನೇರಳೆ ಟೋಪಿಯೊಂದು ತಿರುವಿನ ಮೇಲೆ ಕಾಣಿಸಿತು. ಆ ಟೋಪಿಯನ್ನು ಅವಳೇ ಹೆಣೆದಿದ್ದಳು.

ಮುದುಕನ ಕೈ ಗಂಟಿನ ಬಾಲ ಹಿಡಿದು ಎಳೆಯಿತು.

ಹಗ್ಗ ಹಿಮದ ಮೇಲೆ ಬಿತ್ತು. ಸಿಗ್ನೆ ಅದರ ಮೇಲೆಯೇ ಹಾದುಹೋದಳು. "ನಾನೇ ಕಡೆ" ಎಂದು ಕೈ ಬೀಸಿ, ತಿರುಗಿಯೂ ನೋಡದೆ ಇಳಿದುಹೋದಳು.

ಮಾರಿಟ್ ಮರಗಳ ಮರೆಯಿಂದ ಹೊರಬಂದು ಅವನೆದುರು ನಿಂತಾಗ ನಾಲ್ಕು ಇಪ್ಪತ್ತೆರಡು. ಆರ್ವಿಡ್ ಮುಸುಕು ತೆಗೆದ.

"ಆರ್ವಿಡ್ ಮಾಮ, ನಿಮ್ಮನ್ನ ಬಂಧಿಸ್ತಾ ಇದೀನಿ."

"ಗೊತ್ತಮ್ಮ," ಎಂದ. "ಹಗ್ಗ ಸುತ್ತಿಡ್ತೀನಿ ತಾಳು. ಯಾರಾದ್ರೂ ಎಡವ್ತಾರೆ."

ಠಾಣೆಯಲ್ಲಿ ಅವನು ವಕೀಲನನ್ನು ಬೇಡವೆಂದು ತಾನಾಗಿಯೇ ಹೇಳಿಕೆ ಕೊಟ್ಟ. ಪೊಕಾರ್ಡ್ ಬರೆದುಕೊಂಡ. ಇವತ್ತಿಗೆ ಮುಂಚೆ ಈ ಚಳಿಗಾಲದಲ್ಲಿ ಒಟ್ಟು ಹತ್ತೊಂಬತ್ತು ಸಲ ಹಗ್ಗ ಕಟ್ಟಿದ್ದ. ತಾನೇ ಕಡೆ ಎಂದವರ ಹಿಂದೆ ಮಾತ್ರ. ಕಾಲು ಗಂಟೆ ಕಾದು, ಬಿಚ್ಚಿಕೊಂಡು ಮನೆಗೆ ಹೋಗುತ್ತಿದ್ದ.

"ನಾನು ಯಾವ ಮನುಷ್ಯನಿಗೂ ಕಟ್ಟಲಿಲ್ಲ. ಅವರ ಮಾತಿಗೆ ಕಟ್ದೆ. ಮಾತು ನಿಜ ಆಗಿದ್ರೆ ಹಗ್ಗಕ್ಕೆ ಕೆಲಸಾನೇ ಇರ್ಲಿಲ್ಲ. ಹದಿನಾರು ಸಲ ಯಾರೂ ಬರಲಿಲ್ಲ, ಮಾರಿಟ್. ಆ ಹದಿನಾರು ದಿನ ನನಗೆ ನಿದ್ದೆ ಬಂತು."

ಇಂದಿನದು ಇಪ್ಪತ್ತನೆಯದು. ಮಂಗಳವಾರ ಯಾಕೆ ಬಿಚ್ಚಲಿಲ್ಲ ಎಂದು ಮಾರಿಟ್ ಕೇಳಿದಳು.

ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ, ಶಬ್ದ ಕೇಳಿದರೂ ಕಾಲು ಏಳಲಿಲ್ಲ ಎಂದ. ಹಿಮದಲ್ಲಿ ಬಿದ್ದವರನ್ನು ಮೂವತ್ತು ವರ್ಷ ಎತ್ತಿದವನು ಅವನು. ಆ ಹುಡುಗಿ ಕೊರಳು ಹಿಡಿದುಕೊಂಡು ಹೊರಳುತ್ತಿದ್ದಾಗ ಹೆದರಿ ಕಾಡಿಗಿಳಿದು ಓಡಿಹೋಗಿದ್ದ. ಇವತ್ತು ಗಂಟಿನ ಪಕ್ಕದಲ್ಲೇ ಕೂತಿದ್ದ. ಮತ್ತೆ ಓಡಬೇಕಾಗುತ್ತದೆಂಬ ಭಯಕ್ಕೆ.

ಪೊಕಾರ್ಡ್ ಸಹಿ ಹಾಕಿಸಿಕೊಂಡ. ಮೇಜಿನ ಮೇಲೆ ಹಗ್ಗ ಒಪ್ಪವಾಗಿ ಸುತ್ತಿಟ್ಟಂತೆಯೇ ಇತ್ತು.

ಅಂದು ಮನೆಯಲ್ಲಿ ಮಾರಿಟ್ ಮಗಳಿಗೆ ಎಲ್ಲವನ್ನೂ ಹೇಳಿದಳು. ಲೆನಾಳ ಒಂದು ಸಾಲಿನ ಹೇಳಿಕೆಯನ್ನೂ ಹೇಳಿದಳು. ಸಿಗ್ನೆ ನೇರಳೆ ಟೋಪಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

ಮುಂದಿನ ವಾರ ಮನೆದಾರಿ ತೆರೆಯಿತು. ಮೊದಲ ದಿನ ಸಂಜೆ ಮಾರಿಟ್ ಕೆಲಸವಿಲ್ಲದೆಯೂ ದಾರಿಯ ಕೆಳಗಿನ ತುದಿಗೆ ಹೋಗಿ ನಿಂತಳು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಗಳು ತಿರುವು ಇಳಿದು ಬಂದಳು.

"ಹಿಂದೆ ಇನ್ನೂ ಒಬ್ಬರಿದ್ದಾರೆ, ಅಮ್ಮ."

ಇಬ್ಬರೂ ದಾರಿಯಿಂದ ಪಕ್ಕಕ್ಕೆ ಸರಿದು ನಿಂತರು. ಐದು ನಿಮಿಷವಾಯಿತು, ಹತ್ತಾಯಿತು. ಚರ್ಚಿನ ಸಂಜೆಯ ಗಂಟೆ ಬಾರಿಸಿ ನಿಂತಿತು. ಸಿಗ್ನೆಯ ಹಲ್ಲು ಕಟಕಟ ಎನ್ನುತ್ತಿದ್ದರೂ ಹೋಗೋಣ ಎನ್ನಲಿಲ್ಲ. ಕೊನೆಗೆ ಸ್ಕೀಯ ಮೇಲೆ ಹೆದರಿ ಹೆದರಿ ಕಾಲೂರುತ್ತಾ, ಯಾರೋ ಅಪರಿಚಿತ ಹೆಂಗಸು ತಿರುವಿನಲ್ಲಿ ಕಾಣಿಸಿಕೊಂಡಳು.

ಮಾರಿಟ್ ಗಟ್ಟಿಯಾಗಿ ಕೇಳಿದಳು, ಹಿಂದೆ ಎಷ್ಟು ಜನ ಎಂದು.

ಆ ಹೆಂಗಸು ನಿಂತಳು. ಹಿಂತಿರುಗಿ ಮೇಲಕ್ಕೆ ಒಮ್ಮೆ ಚೆನ್ನಾಗಿ ನೋಡಿ, ಆಮೇಲಷ್ಟೇ ಉತ್ತರ ಹೇಳಿದಳು.