ಜಾವಳದ ಎಳೆ

“ಹುಡುಗೀ ಜಾವಳ ಇನ್ನೂ ತಗಸಿಲ್ಲ, ನೀಲಾ. ಆಕೀ ತಲಿಗೂದಲ ದೇವ್ರ ಸ್ವತ್ತು. ಒಂದ ಎಳಿನೂ ಆ ತಂತ್ಯಾಗ ಸಿಗಬಾರ್ದು,” ಎಂದಳು ಅತ್ತೆ ಕಾಶಿಬಾಯಿ.

ನೀಲಾ ಇಕ್ಕಳದಿಂದ ತಂತಿ ತಿರುವುತ್ತಲೇ ನಕ್ಕಳು. “ದೇವ್ರೇನು ಎಳಿ ಎಣಸ್ಕೊಂತ ಕುಂತಾನೇನ್ರಿ ಅತ್ತಿ? ಹಂಗಿದ್ರ ಅವಗೊಂದು ಬಾಚಣಿಕಿ ಕಳಸೂಣು.”

ವಿಜಯಪುರ ಬಿಟ್ಟು ಗಂಡನ ಊರು ತಿಕೋಟಾಕ್ಕೆ ಬಂದು ಅವಳಿಗೆ ಮೂರೇ ತಿಂಗಳು. ಮನೆಯಲ್ಲೇ ಕುಳಿತು ಮದುಮಕ್ಕಳ ಜಡೆಗೆ ಮಣಿಬಳ್ಳಿ ಹೆಣೆಯುತ್ತಿದ್ದಳು. ಕೂದಲಷ್ಟು ತೆಳ್ಳಗಿನ ತಾಮ್ರದ ತಂತಿ, ಅದಕ್ಕೆ ಪೋಣಿಸಿದ ಗಾಜಿನ ಮಣಿ, ಮಣಿಗೊಂದು ಬಿಗಿ ತಿರುವು. ತಿರುವು ತಪ್ಪಿದರೆ ಬಿಚ್ಚುವ ತಾಳ್ಮೆ ಅವಳಿಗಿರಲಿಲ್ಲ. ಇಕ್ಕಳದ ಬಾಯಿಗಿಟ್ಟು ಟಕ್ಕೆಂದು ಕತ್ತರಿಸಿ ಬಿಸಾಡುವಳು. ಮುಗಿದ ಬಳ್ಳಿಯನ್ನು ನಾಲ್ಕು ವರ್ಷದ ಮಗಳು ಸೋನಿಗೆ ಮುಡಿಸಿ ಮೊಬೈಲಿನಲ್ಲಿ ಫೋಟೊ ತೆಗೆಯುವಳು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಆ ಕೆಂಚು ಗುಂಗುರಿನ ಮೇಲೆ ಮಣಿ ಎಷ್ಟು ಚಂದ ಹೊಳೆಯುತ್ತಿತ್ತೆಂದರೆ, ಕೂದಲು ತೆಗೆಸಿ ದೇವರಿಗೆ ಒಪ್ಪಿಸುವ ಮಾತು ಬಂದಾಗಲೆಲ್ಲ ನೀಲಾ ಮುಂದಿನ ವರ್ಷಕ್ಕೆ ತಳ್ಳುತ್ತಿದ್ದಳು.

ಸೋನಿಯ ಬಾಯಿಗೆ ಬಿಡುವೇ ಇರಲಿಲ್ಲ. “ಅವ್ವಾ, ಮಣಿಗೂ ಹಸಿವಾಗ್ತೈತೇನ?” ಎಂದು ದಿನಕ್ಕೆ ಹತ್ತು ಸಲ ಕೇಳುವಳು.

ತನ್ನ ಮದುವೆಗೆ ಎಂಟು ದಿನವಿದ್ದಾಗ ಅದೇ ಓಣಿಯ ಸೌಭಾಗ್ಯ ತನಗಾಗಿ ಹೆಣೆದ ಬಳ್ಳಿಯನ್ನು ಮುಡಿದು ನೋಡಿ, ಸಡಿಲವೆಂದು ಮರಳಿಸಿ ಹೋದಳು. ನೀಲಾ ಅದನ್ನು ಬಿಗಿ ಮಾಡಿ, ಸೋನಿಗೆ ಮುಡಿಸಿ, ಫೋಟೊ ತೆಗೆದಳು. ಅಂದೇ ಮಧ್ಯಾಹ್ನ ಎದುರುಮನೆಯ ಮಾಲಾ ಬಂದು ಬಾಗಿಲು ಮುಂದೆ ಮಾಡಿದಳು. ಅವಳ ಸೆರಗಿನಿಂದ ಸುಟ್ಟ ಲೋಬಾನದ ವಾಸನೆ ಬರುತ್ತಿತ್ತು.

“ಸೌಭಾಗ್ಯಾನ ಕೂದಲ ಸಿಕ್ಕಿರತಾವಲ್ಲ ಅದ್ರಾಗ? ಒಂದ ಎಳಿ ಕೊಡವಾ.”

“ಯಾಕ, ಪಲ್ಯಾದಾಗ ಹಾಕ್ತಿಯೇನ?”

“ನನ್ನ ತಂಗೀನ್ನ ಒಪ್ಪಿದ ಹುಡುಗನ್ನ ಕಸಗೊಂಡಾಳ. ಅಕ್ಕಿಕಾಳ ಬಿದ್ದ ಮ್ಯಾಲ ಮಂದಿ ಮುಂದ ಒಡಪು ಹೇಳಿ ಗಂಡನ ಹೆಸರು ತಗೀಬೇಕಲ್ಲ, ಅವಾಗ ಆಕೀ ಬಾಯಿ ಕಟ್ಟಬೇಕು. ಬಬಲೇಶ್ವರ ಹಾದ್ಯಾಗಿನ ಮಾಟದ ಮುದಕ ಕಟ್ಟಿಕೊಡ್ತಾನ.”

ನೀಲಾಗೆ ನಗು ತಡೆಯಲಾಗಲಿಲ್ಲ. ಮಣಿಗಳ ಸಂದಿಯಲ್ಲಿದ್ದ ಎಳೆಯೊಂದನ್ನು ಎಳೆದು, ಗೇಣುದ್ದ ತಂತಿಯನ್ನೂ ಸೇರಿಸಿ ಕೊಟ್ಟಳು. “ತಗೋ, ಕಟ್ಟಾಕ ತಂತಿನೂ ಇರ್ಲಿ. ಮುದಕನ ಬಾಯಿಗೂ ಒಂದ ಸುತ್ತ ಹಾಕು.”

ಮಾಲಾಳ ಅಂಗೈಯಲ್ಲಿ ಆ ಎಳೆ ಸುರುಳಿಯಾಗಿ ಸುತ್ತಿಕೊಂಡಿತು.

ಮದುವೆಯ ದಿನ ಮೈಕಿನ ಹಾಡು ಓಣಿಯನ್ನೆಲ್ಲ ತುಂಬಿತ್ತು. ಸೋನಿ ಒಲೆಯ ಬಳಿ ನಿಂತು ಎರಡೂ ಕೈಯಿಂದ ಬಾಯಿ ಕೆರೆದುಕೊಳ್ಳುತ್ತಿದ್ದಳು. ನೀಲಾ ಕುಡಿಸಲು ಹೋದ ಹಾಲು ಗದ್ದದಿಂದ ಇಳಿದು ಲಂಗ ತೋಯಿಸಿತು. ತುಟಿಗಳ ನಡುವೆ ಉಗುರು ತೂರಲೂ ಸಂದಿಯಿಲ್ಲ. ಅಂಚಿನಲ್ಲಿ ಹಸಿರು ಕಿಲುಬು.

ಕಾಶಿಬಾಯಿ ಅದನ್ನು ಮೂಸಿದಳು. ತಾಮ್ರ. “ಯಾರಿಗಿ ಕೊಟ್ಟೀ ಕೂದಲಾ?”

“ಸೌಭಾಗ್ಯಾಂದರೀ ಅದು…”

ಸೌಭಾಗ್ಯಳ ಕೂದಲು ಕಪ್ಪು, ದಾರದಂತೆ ನೆಟ್ಟಗಿನದು. ಮಾಲಾಳ ಅಂಗೈಯಲ್ಲಿದ್ದದ್ದು ಕೆಂಚು ಸುರುಳಿ.

ಸೊಂಟಕ್ಕೆ ಸಿಕ್ಕಿಸಿದ್ದ ಇಕ್ಕಳದೊಂದಿಗೇ ನೀಲಾ ಓಡಿದಳು. ಮಗುವನ್ನೆತ್ತಿಕೊಂಡು ಅತ್ತೆ ಹಿಂದೆ. ಮದುವೆಯ ಹಂದರದಲ್ಲಿ ಮಾಲಾಳ ರಟ್ಟೆ ಹಿಡಿದು ಜಗ್ಗಿದಳು. “ಅದು ಸೋನೀ ಕೂದಲಲೇ! ಎಲ್ಲಿಟ್ಟಿ?”

ಮಾಲಾಳ ಮುಖ ಬೂದಿಯಾಯಿತು. “ಹಂದರಗಂಬದ ಬುಡಕ… ಕವಡಿ. ಏಳು ಸುತ್ತ ಹಾಕ್ಯಾನ. ಕೊಟ್ಟ ಕೈಯಿಂದನ ಬಿಚ್ಚಬೇಕು, ನೀಲಾ. ಹರಿಬ್ಯಾಡ. ಹರದ್ರ ದನಿ ಅದ್ರಾಗ ಉಳೀತೈತಿ.”

ನೀಲಾ ಉಗುರಿನಿಂದ ನೆಲ ಕೆದರಿದಳು. ತೇವದ ಮಣ್ಣು. ಕೊಳೆತ ನಿಂಬೆಯ ನಾತ. ಕವಡೆ ಸಿಕ್ಕಿತು. ಅದರ ಹಲ್ಲುಬಾಯಿಗೆ ಅಡ್ಡಲಾಗಿ ತಂತಿ, ತಂತಿಯೊಳಗೆ ಕೆಂಚು ಎಳೆ.

ಒಂದು ಸುತ್ತು. ಎರಡು. ಬೆರಳು ಬೆವೆತು ಜಾರಿತು. ಮೂರು. ನಾಲ್ಕು. ಮೇಲೆ ಅಕ್ಕಿಕಾಳು ಸುರಿಯಿತು. ಐದು. ಆರು.

ಏಳನೆಯದು ಗಂಟಾಗಿತ್ತು.

“ಉಸರಾಡವಲ್ದು!” ಕಾಶಿಬಾಯಿ ಕಿರುಚಿದಳು. “ಹುಡುಗಿ ನೀಲಿಗಟ್ಟಾಕತ್ತಾಳ, ಲಗೂ ಬಿಚ್ಚ ಬೇ!”

ನೀಲಾಳ ಕೈ ಯಾರನ್ನೂ ಕೇಳಲಿಲ್ಲ. ಅದು ತನ್ನ ರೂಢಿಯಂತೆ ಸೊಂಟಕ್ಕೆ ಹೋಯಿತು. ಇಕ್ಕಳ ಬಂತು.

ಟಕ್.

ಸೋನಿಯ ಬಾಯಿ ತೆರೆಯಿತು. ಉಸಿರು ಒಳಗೆ ನುಗ್ಗಿತು. ಮುಖಕ್ಕೆ ರಕ್ತ ಮರಳಿತು. ನೀಲಾ ಮಗಳನ್ನು ಕಿತ್ತುಕೊಂಡು ಎದೆಗೊತ್ತಿದಳು. ಮಗು ಅಳುತ್ತಿತ್ತು. ಕತ್ತಿನ ನರ ಉಬ್ಬಿತ್ತು, ನಾಲಿಗೆ ನಡುಗುತ್ತಿತ್ತು, ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಸದ್ದು ಮಾತ್ರ ಇರಲಿಲ್ಲ.

ಮೈಕಿನಲ್ಲಿ ಸೌಭಾಗ್ಯ ತಡವರಿಸದೆ ಒಡಪು ಹೇಳಿ ಗಂಡನ ಹೆಸರು ತೆಗೆದಳು. ಮಂದಿ ಹೋ ಎಂದು ನಕ್ಕರು.

ನಗು ಅಡಗಿದಾಗ ನೀಲಾಳ ಬಿಗಿದ ಮುಷ್ಟಿಯೊಳಗೆ, ಕವಡೆ ಸಣ್ಣಗೆ ಕೇಳಿತು:

“ಅವ್ವಾ, ಮಣಿಗೂ ಹಸಿವಾಗ್ತೈತೇನ?”